ಉಮ್ಮನ ಮಾತು ಮುಗಿದ ಮೇಲೆ

ಗೆಳೆಯ ಇಕ್ಬಾಲ್,

ನಮ್ಮ ಹೊಸ ಆಲ್ಬಮ್ ಬಂದಿದೆ ಮಾರಾಯ. ಕಳೆದ ವಾರ ವಿಲ್ಸನ್ ಮೂಡುಬಿದಿರೆಯಿಂದ ಬಸ್ಸಿನಲ್ಲಿ ಸಿ.ಡಿ.ಗಳ ರಟ್ಟಿನ ಪೆಟ್ಟಿಗೆ ತಂದು ಫರಂಗಿಪೇಟೆಯ ನನ್ನ ಕ್ಯಾಸೆಟ್ ಅಂಗಡಿಯಲ್ಲಿ ಇಳಿಸಿದ. ನಾನಿನ್ನೂ ಬಿಚ್ಚಿಲ್ಲ. ಮೊದಲು ನಿನಗೊಂದು ವಿಷಯ ಹೇಳಬೇಕು. ನೀನಿದ್ದಾಗಲೇ ಹೇಳಬೇಕಿತ್ತು.

ವಿಲ್ಸನ್ ಮನೆಯ ಗೋದಾಮಿನಲ್ಲಿ ಮೂವರೂ ಸೇರಿ ಮೊದಲ ಆಲ್ಬಮ್ ಕ್ಯಾಸೆಟಿಗೆ ತುಂಬಿಸಿದ ಭಾನುವಾರ ನೆನಪುಂಟಾ? ನಿನ್ನ ಮಾವ ದಮ್ಮಾಮಿನಿಂದ ತಂದ ಗಿಟಾರ್, ವಿಲ್ಸನ್ ಇಗರ್ಜಿಯಲ್ಲಿ ಕೇಳಿ ತಂದ ಬೇಸ್ ಗಿಟಾರ್, ಹುಲಿವೇಷಕ್ಕೆ ಬಾರಿಸುವ ನನ್ನ ತಾಸೆ. ಅದಕ್ಕೆ ನೀನು ಮದರಸದಲ್ಲಿ ಕಲಿತ ದಫ್ಫಿನ ಪೆಟ್ಟನ್ನೂ ಸೇರಿಸಿ, ಇದು ಸೈಕೆಡೆಲಿಕ್ ರಾಕ್, ಬೇಸ್ ಮಾತ್ರ ಫಂಕ್ ಎಂದು ನಮಗೆ ಪಾಠ ಮಾಡಿದೆ. ವಿಲ್ಸನ್‌ನ ಅಪ್ಪ ಇಣುಕಿ, "ಎಂತದು ಮಾರಾಯ್ರೆ ಇದು, ತಲೆ ತಿರುಗ್ತದೆ" ಎಂದರು. "ಅದಕ್ಕೇ ಅಂಕಲ್ ಬಾರಿಸುವುದು" ಎಂದೆಯಲ್ಲ! ಆರು ಹಾಡು, ಒಂದೇ ಕ್ಯಾಸೆಟಿನ ಒಂದೇ ಬದಿ, ಬೇರೆ ಪ್ರತಿ ಇಲ್ಲ.

ನೀನು ಗಲ್ಫಿಗೆ, ದಮ್ಮಾಮಿಗೆ ಹೊರಟ ದಿನ ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತುತ್ತಾ ಹೇಳಿದೆ, "ಕ್ಯಾಸೆಟಿನ ಮೂಲೆಯ ಪ್ಲಾಸ್ಟಿಕ್ ಮುರಿದಿಡು. ಇಲ್ಲದಿದ್ರೆ ಯಾರಾದ್ರೂ ಅದರ ಮೇಲೆಯೇ ತುಂಬಿಸ್ತಾರೆ." ನಾನು ಮುರಿಯಲಿಲ್ಲ. ಮೂರನೇ ಹಾಡಿನಲ್ಲಿ ನನ್ನ ತಾಸೆ ತಾಳ ಬಿಟ್ಟು ಸ್ವಲ್ಪ ಓಡಿತ್ತು. ನೀನು ರಜೆಗೆ ಬಂದಾಗ ಅದೊಂದನ್ನು ಮತ್ತೆ ತುಂಬಿಸುವ ಎಂಬ ಆಸೆ. ನನ್ನ ಒಣ ಹೆಮ್ಮೆ, ಅಷ್ಟೆ. ಹೆಸರು ಕೂಡ ಬರೆಯದೆ ಮೇಜಿನ ಖಾನೆಯಲ್ಲಿಟ್ಟೆ.

ಆಗೆಲ್ಲ ಗಲ್ಫಿನಲ್ಲಿರುವವರಿಗೆ ಮನೆಯವರು ಕಾಗದದ ಬದಲು ಮಾತು ತುಂಬಿಸಿದ ಕ್ಯಾಸೆಟ್ ಕಳಿಸುತ್ತಿದ್ದರಲ್ಲ. ನಿನ್ನ ಉಮ್ಮನೂ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದರು. ಊರಿನವರೊಬ್ಬರು ಸಂಜೆಯೇ ದಮ್ಮಾಮಿಗೆ ಹೊರಟಿದ್ದರು. ಅವಸರದಲ್ಲಿ ಖಾನೆಗೆ ಕೈ ಹಾಕಿ ಸಿಕ್ಕಿದ ಕ್ಯಾಸೆಟನ್ನು ರೆಕಾರ್ಡರಿಗೆ ಹಾಕಿದೆ. "ಮೋನೇ, ಹೊತ್ತಿಗೆ ಸರಿಯಾಗಿ ಉಣ್ತೀಯಾ?" ಎಂದು ಶುರುಮಾಡಿದ ಉಮ್ಮ ಅರ್ಧ ಗಂಟೆ ಮಾತಾಡಿದರು. ಸರಿ ಬಂದಿದೆಯೇ ಎಂದು ಕೊನೆಯನ್ನು ಕೇಳಿ ನೋಡಿದೆ. ಉಮ್ಮನ ಮಾತು ಮುಗಿಯಿತು, ಮರುಕ್ಷಣ ನಿನ್ನ ಗಿಟಾರ್! ಆರನೇ ಹಾಡಿನ ಬಾಲ, ಬರೀ ನಲವತ್ತು ಸೆಕೆಂಡ್. ಉಳಿದದ್ದೆಲ್ಲ ಹೋಗಿತ್ತು.

"ಸರಿ ಬಂದಿದೆಯಾ ಸದಾಶಿವ?" ಎಂದರು ಉಮ್ಮ. ಬಂದಿದೆ ಎಂದೆ. ಇನ್ನೇನು ಹೇಳಲಿ? ಕ್ಯಾಸೆಟ್ ಕಳಿಸಿಬಿಟ್ಟೆ. ಆ ಬಾಲವನ್ನೂ ಅಳಿಸಿದ್ದರೆ ನಿನಗೆ ಗೊತ್ತೇ ಆಗುತ್ತಿರಲಿಲ್ಲ, ಆದರೆ ಬೆರಳು ಬರಲಿಲ್ಲ. ಮಾತು ಮುಗಿದ ಮೇಲೆ ಯಾರು ಕೇಳುತ್ತಾರೆ ಎಂದುಕೊಂಡೆ. ಅದುವರೆಗೆ ಫೋನ್ ಮಾಡಿದಾಗಲೆಲ್ಲ "ನಮ್ಮ ಆಲ್ಬಮ್ ಯಾವಾಗ ಕಳಿಸ್ತೀಯಾ?" ಎನ್ನುತ್ತಿದ್ದವನು ಆಮೇಲೆ ಕೇಳಲೇ ಇಲ್ಲ. ನೀನು ಮರೆತೆ, ನಾನು ಬಚಾವಾದೆ ಎಂದುಕೊಂಡ ಮೂರ್ಖ ನಾನು.

ಒಂದು ದಿನ, ರಾತ್ರಿ ಮಲಗಿದ ನೀನು ಬೆಳಿಗ್ಗೆ ಏಳಲಿಲ್ಲ ಎಂದು ದಮ್ಮಾಮಿನಿಂದ ಸುದ್ದಿ ಬಂತು. ನಿನ್ನನ್ನು ಅಲ್ಲೇ ಮಣ್ಣು ಮಾಡಿದರು. ಎರಡು ತಿಂಗಳ ನಂತರ ನಿನ್ನ ಪೆಟ್ಟಿಗೆ ಬಂತು. ಬಟ್ಟೆಯ ಅಡಿಯಲ್ಲಿ ಆ ಕ್ಯಾಸೆಟ್ ಇತ್ತು. ಮೂಲೆಯ ಪ್ಲಾಸ್ಟಿಕ್ ಮುರಿದಿತ್ತು. ನಾನು ಮುರಿಯದ್ದನ್ನು ನೀನು ಮುರಿದಿದ್ದೆ. ಕೊನೆಯವರೆಗೂ ಕೇಳಿದ್ದೆಯಾ ಹಾಗಾದರೆ? ಎಲ್ಲ ಗೊತ್ತಿದ್ದೂ ಬಾಯಿ ಬಿಡಲಿಲ್ಲವಾ? ಒಂದು ಸಲ ಬೈದಿದ್ದರೆ ನಾನು...

ವಿಲ್ಸನ್‌ಗೆ ಹೇಳಿದೆ. ಎರಡು ತಿಂಗಳು ಮಾತು ಬಿಟ್ಟ. ಆಮೇಲೆ ಅವನೇ ಬಂದು, "ಮತ್ತೆ ಮಾಡುವ" ಎಂದ. ವರ್ಷಗಟ್ಟಲೆ ಕೂತೆವು. ಅವನು ಗುನುಗಿದ ನಿನ್ನ ಗಿಟಾರ್ ಒಂದು, ನಾನು ಗುನುಗಿದ್ದು ಇನ್ನೊಂದು. ನಿನ್ನ ಹಾಡುಗಳು ನಮಗೇ ನೆನಪಿಲ್ಲ ಇಕ್ಬಾಲ್. ಹೊಸದರಲ್ಲಿ ಬೇಸ್ ಉಂಟು, ದಫ್ ಉಂಟು, ಆಫ್ರಿಕಾದ ಡೋಲೂ ಉಂಟು. ಗಿಟಾರ್ ಇರುವುದು ಕಟ್ಟಕಡೆಗೆ, ಆ ನಲವತ್ತು ಸೆಕೆಂಡ್ ಮಾತ್ರ.

ಉಮ್ಮ ಈಗಲೂ ಆ ಕ್ಯಾಸೆಟ್ ಹಿಡಿದು ಅಂಗಡಿಗೆ ಬರುತ್ತಾರೆ. ತಮ್ಮ ಮಾತು ಮುಗಿಯುವವರೆಗೂ ಸೆರಗು ಹಿಂಡುತ್ತಾ ಕಾಯುತ್ತಾರೆ. ಗಿಟಾರ್ ಬಂದಾಗ ಸ್ಪೀಕರಿಗೆ ಕೈ ಇಡುತ್ತಾರೆ. ತಮ್ಮ ಮಾತು ಕೇಳಿ ನೀನು ಅಲ್ಲಿಂದಲೇ ಬಾರಿಸಿ ಸೇರಿಸಿದ್ದು ಅಂತ ಅವರ ನಂಬಿಕೆ. ನಿನ್ನೆಯೂ ಕೇಳಿದರು:

"ಇವ ಇಷ್ಟು ಸ್ವಲ್ಪವೇ ಬಾರಿಸಿದ್ದಾ? ನಾನು ಮಾತಾಡಿದ್ದು ಇಷ್ಟುದ್ದ ಉಂಟಲ್ಲ!"

"ಅಷ್ಟೇ ಉಮ್ಮ, ಅಷ್ಟೇ ಬಾರಿಸಿದ್ದು" ಎಂದೆ.

ಅವರು ಯಾರ ಹಾಡುಗಳ ಮೇಲೆ ಮಾತು ತುಂಬಿಸಿದರು ಎಂದು ನನ್ನ ಬಾಯಿಂದ ಎಂದೂ ಬರುವುದಿಲ್ಲ. ನಿನಗೆ ಕೊಡಲು ನನ್ನಲ್ಲಿ ಉಳಿದಿರುವ ಮಾತು ಅದೊಂದೇ.

ನಿನ್ನ
ಸದಾಶಿವ