ಚರ್ಮದ ರಾಶಿಯ ಹಿಂದಿನ ಫಿರಂಗಿ

ಸೆಪ್ಟೆಂಬರ್ ೯, ೧೬೨೮. ಮತಾನ್ಸಾಸ್ ದಂಡೆ, ಕ್ಯೂಬಾ.

ನಿದ್ದೆ ಹತ್ತುತ್ತಿಲ್ಲ. ಹಿಂದೆ ಜೌಗು ಕಾಡು, ಮುಂದೆ ಡಚ್ಚರು, ನಡುವೆ ಮರಳಿನ ಮೇಲೆ ಸೊಳ್ಳೆಗಳಿಗೆ ಊಟವಾಗಿ ನಾವು.

ಕಣ್ಣೆದುರಿಗೇ ಸ್ಪೇನಿನ ದೊರೆಯ ಬೆಳ್ಳಿ ಹೊತ್ತು ಹೊರಟಿದ್ದ ನಮ್ಮ ಹಡಗು. ನಿನ್ನೆ ಡಚ್ಚರಿಂದ ತಪ್ಪಿಸಿಕೊಳ್ಳಲು ಈ ಕೊಲ್ಲಿಗೆ ನುಗ್ಗಿ ಕೆಸರಲ್ಲಿ ಹೂತುಕೊಂಡೆವು; ಹಡಗನ್ನು ಅವರ ಕೈಗೆ ಬಿಟ್ಟು ದಂಡೆಗೆ ಓಡಿದೆವು. ಫಿರಂಗಿ ಹಾರಿಸುವವನಾದ ನಾನು ಒಂದು ಗುಂಡೂ ಹಾರಿಸಲಿಲ್ಲ. ನನ್ನ ಫಿರಂಗಿಯ ಮುಂದೆ ಕಪ್ತಾನರ ಸ್ವಂತ ವ್ಯಾಪಾರದ ದನದ ಚರ್ಮ, ಚಾವಣಿ ಮುಟ್ಟುವಷ್ಟು. ತೆಗೆಸಿ ಎಂದು ವೆರಾಕ್ರೂಸ್ ಬಂದರಿನಲ್ಲಿ ಸರಕು ತುಂಬುವಾಗಲೇ ಕೇಳಿಕೊಂಡಿದ್ದೆ.

"ತೆಗೆದು ಎಲ್ಲಿಡ್ಲಯ್ಯಾ, ನಿನ್ನ ತಲೆ ಮೇಲಾ?" ಅಂದಿದ್ದರು ಕಪ್ತಾನ ಡಾನ್ ಒರ್ದೋನ್ಯೊ. "ನೆನೆದು ಕೊಳೆತ್ರೆ ನಿಮ್ಮಪ್ಪ ತುಂಬಿಕೊಡ್ತಾನಾ?"

ಈಗ ಅವರೂ ನನ್ನ ಪಕ್ಕದಲ್ಲೇ ಕೂತು ಕಾಲು ಕೆರೆದುಕೊಳ್ಳುತ್ತಿದ್ದಾರೆ.

ಬೆಳ್ಳಿ ಹೋಯಿತು, ಹೋಗಲಿ, ಅದು ದೊರೆಯದು. ನನ್ನ ಹೊಟ್ಟೆ ಉರಿಸಿದ್ದು ಆ ಚರ್ಮ. ಡಚ್ಚರು ಇವತ್ತು ಹಾಡಿಕೊಂಡು ಅದನ್ನೆಲ್ಲ ತಮ್ಮ ಹಡಗಿಗೆ ಸಾಗಿಸಿದರು. ಸಂಜೆ ನೀರೇರಿದಾಗ ನಮ್ಮ ಹಡಗು ಕೆಸರಿನಿಂದ ಎದ್ದು ಮೆಲ್ಲಗೆ ದಂಡೆಯ ಕಡೆ ಮಗ್ಗುಲು ತಿರುಗಿಸಿತು. ಕಿಂಡಿ ತೆರೆದು ನನ್ನ ಫಿರಂಗಿಯ ಬಾಯಿ ಹೊರಬಂತು.

"ನಿಂದೇ ಅಲ್ವೇನಯ್ಯಾ ಅದು?" ಅಂದರು ಕಪ್ತಾನರು.

"ಹೌದು ಸ್ವಾಮಿ. ಈಗ ಅಡ್ಡ ಏನೂ ಇಲ್ಲ."

ನಾವು ಕೂತಿರುವ ಜಾಗಕ್ಕೆ ಅದರ ಗುಂಡು ಸಲೀಸಾಗಿ ಬರುತ್ತದೆ. ಕಪ್ತಾನರಿಗೆ ಅದನ್ನು ಹೇಳಿಲ್ಲ.