ನಮ್ಮ ಹವಾಲ್ದಾರರಿಗೆ ಸೆಲ್ಯೂಟ್ ಹೊಡೆಯುವುದನ್ನು ನಿಲ್ಲಿಸಿ

ಆನೆ ತಡೆಯುವ ಕಂದಕದ ದುರಸ್ತಿಗೆ ಸಹಿ ಹಾಕಬೇಕಾದ ಅರಣ್ಯ ಇಲಾಖೆಯ ಮಾನ್ಯರೇ,

ನಾನು ಸುನಂದಮ್ಮ. ಹುಣಸೂರಿನಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ವೀರನಹೊಸಹಳ್ಳಿ ಕಡೆಯ ಕಾಡಂಚಿನ ಊರಿನಲ್ಲಿ ಹೊಲ, ಮನೆ ಮತ್ತು ಮೂವರು ಸೊಸೆಯರನ್ನು ಆಳುತ್ತಿರುವವಳು. ಎಪ್ಪತ್ತೊಂದರ ಯುದ್ಧದಲ್ಲಿ ಪದಕ ಪಡೆದು, ಈಗ ಗ್ರಾಮ ಪಂಚಾಯ್ತಿಯ ಅಧ್ಯಕ್ಷರಾಗಿರುವ ಹವಾಲ್ದಾರ್ ಸಿದ್ದಯ್ಯನವರು ನನ್ನ ಯಜಮಾನರು. ಅವರಿಗೆ ನೀವು ಗೌರವ ಕೊಡುವುದನ್ನು ಇವತ್ತಿಗೆ ನಿಲ್ಲಿಸಬೇಕು.

ಆಶ್ಚರ್ಯವೇ? ಹೋದ ವರ್ಷ ನಿಮ್ಮ ಜೀಪು ಸುತ್ತು ಬಳಸದೆ ಕಾಡಿಗೆ ಹೋಗಲೆಂದು ನಮ್ಮೂರಿನ ಪುಟ್ಟಮಲ್ಲಮ್ಮನ ಹೊಲದ ಹತ್ತಿರ ಕಂದಕಕ್ಕೆ ನಿಮ್ಮವರೇ ಮಣ್ಣು ತುಂಬಿದರು. ದಾರಿ ಚೆನ್ನಾಗಿಯೇ ಆಯಿತು, ಆನೆಗಳಿಗೂ ಹಿಡಿಸಿತು. ಮೊದಲು ಅವಳ ರಾಗಿ ತಿಂದವು. ಈ ಸಲ ಅವಳು ಮಲಗಿದ್ದ ಕೋಣೆಯ ಗೋಡೆಯನ್ನೇ ಕೆಡವಿದವು. ಆ ಬದಿಗೆ ತಲೆ ಹಾಕಿ ಮಲಗಿರಲಿಲ್ಲವಾದ್ದರಿಂದ ಅವಳು ಇನ್ನೂ ನನ್ನೊಡನೆ ಜಗಳವಾಡಿಕೊಂಡು ಬದುಕಿದ್ದಾಳೆ.

ಆ ಮಣ್ಣು ತೆಗೆಸಿ ಎಂದು ಕೇಳಲು ಅಧ್ಯಕ್ಷರು ನಿಮ್ಮಲ್ಲಿಗೆ ಬಂದರಲ್ಲ, ಆಗ ನೀವೇನು ಮಾಡಿದಿರಿ? ಕುರ್ಚಿಯಿಂದ ಎದ್ದು, ಹಿಮ್ಮಡಿ ಜೋಡಿಸಿ, ಸೆಲ್ಯೂಟ್ ಹೊಡೆದಿರಿ. ಜರಿ ಶಾಲು ಹೊದಿಸಿದಿರಿ. ನಮ್ಮವರಿಗೆ ಸೈನ್ಯ ಕಲಿಸಿದ್ದು ಇಷ್ಟೇ: ಸೆಲ್ಯೂಟ್ ಬಂದರೆ ಸೆಲ್ಯೂಟ್ ಕೊಡಬೇಕು, ಆಮೇಲೆ ತಿರುಗಿ ನಡೆಯಬೇಕು. ನಿಂತು ವಾದ ಮಾಡುವ ಪಾಠ ಅಲ್ಲಿಲ್ಲ. ಕೊಟ್ಟರು, ತಿರುಗಿದರು, ಬಸ್ಸು ಹತ್ತಿದರು. ಪ್ರತಿ ಸಲವೂ ಇದೇ ಕಥೆ. ಗುಂಡಿಗೆ ಬೆನ್ನು ತೋರಿಸದ ಮನುಷ್ಯನನ್ನು ಬರಿಗೈ ಎತ್ತಿ ಹಿಂದಕ್ಕೆ ಕಳಿಸುವ ಈ ವಿದ್ಯೆ ಶತ್ರುಗಳಿಗೆ ಗೊತ್ತಿರಲಿಲ್ಲವಲ್ಲ, ದೇಶದ ಪುಣ್ಯ!

"ಏನಂದ್ರು ಸಾಯೇಬ್ರು?" ಎಂದು ಈ ಸಲ ಅವರು ವಾಪಸು ಬಂದಾಗ ನಾನು ಕೇಳಿದೆ.

"ಬಾಳ ಗೌರವ ಕೊಟ್ರು ಕಣಮ್ಮಿ."

"ಕಂದಕದ್ ಮಾತು?"

"ಸೆಲ್ಯೂಟ್ ಆದ್ಮೇಲೆ ಎಂಗೆ ಎತ್ತದು? ಶಿಸ್ತು ಬ್ಯಾಡ್ವಾ?"

ಜಗಲಿಯ ಮೇಲೆ ಕೂತಿದ್ದ ಪುಟ್ಟಮಲ್ಲಮ್ಮ ಎಲೆಅಡಿಕೆ ಉಗಿದು, "ಅಣ್ಣಯ್ಯ, ಆ ಸಾಲ್ವ ನಂಗೇ ಕೊಟ್ಬುಡಿ. ಗೋಡೆ ಇದ್ದ ಜಾಗಕ್ಕೆ ಅಡ್ಡ ಕಟ್ಕತೀನಿ. ಆನೆ ಬಂದ್ರೆ ಅದೂ ಸೆಲೂಟ್ ಒಡ್ಕಂಡು ಓಗ್ಲಿ" ಎಂದಳು.

ನಮ್ಮವರು ತಲೆ ತಗ್ಗಿಸಿದರು. ಅವರ ತಲೆ ತಗ್ಗಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಮಾನ್ಯರೇ. ಇನ್ನೊಮ್ಮೆ ಕಾಣುವ ಮನಸ್ಸೂ ಇಲ್ಲ.

"ನಾವೇ ತೆಗುದ್ರೆ ಆಯ್ತು" ಎಂದೆ.

"ಮೇಲಿಂದ ಆರ್ಡರ್ ಬರ್ಬೇಕು ಕಣಮ್ಮಿ."

"ಈ ಮನೇಲಿ ಮೇಲಿರೋರು ಯಾರ್ರೀ? ಎದ್ದೇಳಿ, ಗುದ್ದಲಿ ತಗಳಿ!"

ಎದ್ದರು. ನನಗೂ ಒಂದು ಸೆಲ್ಯೂಟ್ ಹೊಡೆದು, ಅಭ್ಯಾಸದಂತೆ ತಿರುಗಿ ನಡೆದರು. ಗುದ್ದಲಿ ಇದ್ದದ್ದು ಆ ಕಡೆಗೇ.

ಮೊನ್ನೆ ಬೆಳಿಗ್ಗೆ ಅವರು ವಿಷಲ್ ಊದಿದ್ದಕ್ಕೆ ಊರಿಗೆ ಊರೇ ಸಾಲಾಗಿ ನಿಂತಿತು. ಹೊತ್ತು ಮುಳುಗುವುದರೊಳಗೆ ಕಂದಕ ಹಳೆಯ ಆಳಕ್ಕೆ ಇಳಿಯಿತು. ಆ ಮಣ್ಣಿನಿಂದಲೇ ಪುಟ್ಟಮಲ್ಲಮ್ಮನ ಗೋಡೆ ಏಳುತ್ತಿದೆ. ಮಂಕರಿ ಹೊತ್ತ ಹೆಂಗಸರಿಗೆ ತಲೆಯ ಮೇಲೆ ಸಿಂಬಿ ಬೇಕಿತ್ತು. ಬೀರುವಿನಲ್ಲಿದ್ದ ನಿಮ್ಮ ಶಾಲುಗಳನ್ನೆಲ್ಲ ಸುತ್ತಿ ಕೊಟ್ಟೆ. ಜರಿ ಚುಚ್ಚುತ್ತದೆ ಎಂದು ದೂರು ಬಂದಿದೆ, ನಿಮ್ಮ ಗಮನಕ್ಕೆ.

ನಿಮ್ಮ ಅಪ್ಪಣೆ ಕೇಳಲಿಲ್ಲವೆಂದು ಕೇಸು ಹಾಕುವುದಾದರೆ ನನ್ನ ಮೇಲೆ ಹಾಕಿ, ಆರ್ಡರ್ ನನ್ನದು. ವಿಚಾರಣೆಗೂ ನಾನೇ ಬರುತ್ತೇನೆ. ನನಗೆ ಸೆಲ್ಯೂಟ್ ಬರುವುದಿಲ್ಲ. ಒಂದು ಕುರ್ಚಿ ಹಾಕಿಸಿಡಿ, ಮಾತು ಮುಗಿಯುವವರೆಗೆ ಕೂರುತ್ತೇನೆ.

ಇನ್ನೊಂದು ವಿಷಯ. ನಾವು ಅಗೆಯುವ ಮೊದಲೇ ನಿಮ್ಮ ಜೀಪು ಕಾಡಿಗೆ ಹೋಗಿತ್ತಂತೆ, ನಮಗೆ ತಿಳಿಯಲಿಲ್ಲ. ಈಗ ಅದು ಈಚೆಗೆ ದಾಟಲಾಗದೆ, ಸುತ್ತುದಾರಿಯೂ ಮರೆತಂತೆ ಕಂದಕದ ಆಚೆ ನಿಂತಿದೆ. ನಿನ್ನೆ ಸಂಜೆ ಆನೆಗಳೂ ಬಂದು ಅದರ ಪಕ್ಕದಲ್ಲೇ ನಿಂತವು, ಕೆಳಗೆ ನೋಡಿದವು, ತಿರುಗಿ ನಡೆದವು.

ಇಂತಿ,
ಮಣ್ಣಾದ ಶಾಲುಗಳನ್ನು ನೆನೆಹಾಕಿ ಕೂತಿರುವ,
ಸುನಂದಮ್ಮ
(ಹವಾಲ್ದಾರರಿಗೆ ಆರ್ಡರ್ ಕೊಡುವವಳು)