ನಡುಬಾಗಿಲ ಮುಂದಿನ ತಿಜೂರಿ

ಅಪ್ಪಾಜಿ,

ನೀವು ಪೂಜಿಗೆ ಕುಂತಿದ್ರಿ, ಅದಕ್ಕ ಬರದಿಟ್ಟು ಹೊಂಟೇನಿ. ಚಹಾ ಥರ್ಮಾಸ್‌ನ್ಯಾಗ ಐತಿ.

ಕಂಪ್ಯೂಟರಿನ ಹಿಂದಿರೋ, ನೆಟ್ ಹಿಡಿಯೋ ವೈರ್‌ಲೆಸ್ ಅಡಾಪ್ಟರ್ ಕಿತ್ತು, ಊದಿ, ಮತ್ತ ಚುಚ್ಚಬ್ಯಾಡ್ರಿ. ಅದನ್ನ ಮಾಡಿ ಮಾಡಿ ನನಗ ಸಾಕಾಗೇತಿ. ಹಸಿರು ದೀಪ ಮಿಣುಕತೈತಿ, ಆರತೈತಿ. ಅದರ ಡ್ರೈವರ್ ಸಾಫ್ಟ್‌ವೇರ್ ಹೊಸದಾಗಿ ಹಾಕಿದೆ. ಅಂಗಡಿಯವರು ಬ್ಯಾರೆ ಅಡಾಪ್ಟರ್ ಕೊಟ್ರು, ಅದೂ ಹಂಗ.

ನಿನ್ನೆ ಹುಬ್ಬಳ್ಳಿ ಗೆಳತಿ ಕಡಿಂದ ಉದ್ದನ ವಾಯರ್ ತಂದು, ಅಡಾಪ್ಟರ್ ತಿಜೂರಿ ಮ್ಯಾಲೆ ಇಟ್ಟೆ. ದೀಪ ಆರಲೇ ಇಲ್ಲ. ಅಡಾಪ್ಟರ್ ಕೆಟ್ಟಿಲ್ಲ ಅಪ್ಪಾಜಿ. ನೆಟ್ ಬರೂದು ನಡುಬಾಗಿಲ ಆಚೆ ಕಡೆ ಕಾಕಾನ ಮನಿ ರೂಟರಿನಿಂದ. ಕಾಕಾನ ಜೋಡಿ ಜಗಳಾದ ದಿನ ಆ ಬಾಗಿಲಕ್ಕ ನೀವು ಕಬ್ಬಿಣದ ತಿಜೂರಿ ಅಡ್ಡ ನಿಲ್ಲಿಸಿದ್ರಲ್ಲ, ಅವತ್ತಿನಿಂದ ಇದರ ಕಾಟ; ಕಬ್ಬಿಣ ದಾಟಿ ನೆಟ್ ಬರವಲ್ದು.

ಈಗ ಆ ವಾಯರ್ ವಾಪಸ್ ಕೊಡಾಕ ಹೊಂಟೇನಿ, ಆಕಿಗೂ ಇವತ್ತ ಬೇಕಂತ. ಕಾಲೇಜಿನ ಸೀಟಿನ ಪಟ್ಟಿ ಸಂಜಿಗೆ ಬರತೈತಿ, ಇವತ್ತ ನಾ ಒಪ್ಪಿಗಿ ಕಳಿಸದಿದ್ರ ಸೀಟು ಬ್ಯಾರೆಯವರಿಗೆ ಹೋಗತೈತಿ. ನಿನ್ನೆಯಿಂದ ಕುಂತಲ್ಲಿ ಕುಂದರಾಕ ಆಗವಲ್ದು.

ನಾ ಬರೂದ್ರಾಗ ತಿಜೂರಿ ಸರಿಸಿಡ್ರಿ. ದಬ್ಬುವಾಗ ನಡಾ ಉಳುಕೀತು, ಜ್ವಾಕಿ. ಬಾಗಲಾ ತಗೀರಿ ಅನ್ನಾಕತ್ತಿಲ್ಲ, ಕಾಕಾನ ಜೋಡಿ ಮಾತಾಡ್ರಿ ಅಂತನೂ ಅನ್ನಾಕತ್ತಿಲ್ಲ.

ಆದ್ರ ಇಷ್ಟು ದಿನ ಆದ್ರೂ ಕಾಕಾ ನೆಟ್ಟಿನ ಪಾಸ್‌ವರ್ಡ್ ಬದಲಿ ಮಾಡಿಲ್ಲ.

ಕಾವೇರಿ